ಕೇಳಿದವಳ ಕೈಯ ಮೇಲೆ

ಮಂಗಳೂರು ಜೆಪ್ಪುವಿನ ಆ ಮನೆತನದಲ್ಲಿ ಹಿಟ್ಟಿನ ಹೊದಿಕೆಯೊಳಗೆ ಮಾಂಸ ತುಂಬಿ ಬೇಯಿಸುವ ಪೈಯ ವಿದ್ಯೆಯನ್ನು ಯಾರೂ ಯಾರಿಗೂ ಕರೆದು ಕಲಿಸಿದ್ದಿಲ್ಲ. ಹಾಗೆ ಕಲಿಸುವುದು ಕಟ್ಟಳೆಗೆ ವಿರುದ್ಧ. ಕಲಿಯಬೇಕಾದವಳು ತಾನಾಗಿ ಒಲೆಯ ಕೋಣೆಗೆ ಬಂದು, ನಾದಿಟ್ಟ ಹಿಟ್ಟಿನ ಮೇಲೆ ಬಲಗೈಯನ್ನು ಊರಿ, "ನಿಮ್ಮ ಕೈ ನನ್ನ ಕೈ ಮೇಲೆ ಇಡಿ" ಎಂದು ಹಿರಿಯಳನ್ನು ಬೇಡಿಕೊಳ್ಳಬೇಕು. ಆಗ ಹಿರಿಯಳು ಮರುಮಾತಾಡದೆ ತನ್ನ ಅಂಗೈಯನ್ನು ಅವಳ ಕೈಯ ಮೇಲಿರಿಸಿ, ಒತ್ತುವಲ್ಲಿ ಒತ್ತಿ, ಮಡಚುವಲ್ಲಿ ಮಡಚಿ, ಹಿಟ್ಟನ್ನು ತಿರುಗಿಸಿ ಮತ್ತೆ ಒತ್ತುವಳು. ಅದು ಮುಗಿಯುವಷ್ಟರಲ್ಲಿ ಒಂದು ತಲೆಮಾರಿನ ಕೈ ಇನ್ನೊಂದಕ್ಕೆ ದಾಟಿರುತ್ತಿತ್ತು. ಕೇಳದವನಿಗೆ ಹೇಳಬಾರದು, ಕೇಳಿದವನಿಗೆ ಮುಚ್ಚಿಡಬಾರದು ಎಂದು ಹಿಂದಿನವರು ಶ್ರೇಷ್ಠ ವಿದ್ಯೆಗಳ ವಿಷಯದಲ್ಲಿ ವಿಧಿಸಿದ್ದನ್ನು ಈ ಹೆಂಗಸರು ಯಾವ ಗುರುವಿನ ಉಪದೇಶವೂ ಇಲ್ಲದೆ ಒಂದು ತಿನಿಸಿನ ವಿಷಯದಲ್ಲಿ ಪಾಲಿಸಿಕೊಂಡು ಬಂದಿದ್ದರು.

ಮೊದಲು ಕೇಳಿದವಳು ಆ ಮನೆತನದ ಇಗ್ನಾಸಿಯಾ. ಮಂಗಳೂರಿನಲ್ಲಿ ಜಡ್ಜಿ ದೊರೆಯ ಬಂಗಲೆಯ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದ ಅವಳಿಗೆ ದೊರೆಸಾನಿಯ ಭಾಷೆ ತಿಳಿಯದು. ದೊರೆಸಾನಿಗೆ ಇವಳದ್ದು ತಿಳಿಯದು. ಹಾಗಾಗಿ ಇಗ್ನಾಸಿಯಾ ಬಾಯಲ್ಲಿ ಕೇಳದೆ ಹಿಟ್ಟಿನ ಮೇಲೆ ಕೈ ಊರಿ ನಿಂತಳಂತೆ. ದೊರೆಸಾನಿ ನಕ್ಕು ಆ ಕೈಯ ಮೇಲೆ ತನ್ನ ಕೈ ಇಟ್ಟಳಂತೆ. ಅಂದಿನಿಂದ ಇಗ್ನಾಸಿಯಾಳ ಮನೆಗೆ ಕ್ರಿಸ್ಮಸ್ ಬಂದಿತೆಂದರೆ ಪೈ ಬೇಯಲೇಬೇಕು. ಬಂಗಲೆಯ ಕುರಿಮಾಂಸ ಜೆಪ್ಪುವಿಗೆ ಬಂದಾಗ ಬಫಾತ್ ಮಸಾಲೆಯ ಹಂದಿಮಾಂಸವಾಯಿತು. ಜೆಪ್ಪುವಿನಿಂದ ಮಸ್ಕತ್ತಿಗೆ ಹೊರಟಾಗ ಕೋಳಿಯಾಯಿತು. ಅದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ಒಳಗಿನದು ನಿತ್ಯ, ಹೊದಿಕೆ ಅನಿತ್ಯ ಎಂದು ಶಾಸ್ತ್ರಗಳು ಸಾರುತ್ತಿರಲಿ, ಈ ಮನೆಯ ನಂಬಿಕೆ ಅದಕ್ಕೆ ತಿರುವುಮುರುವು. ಒಳಗೆ ಏನು ತುಂಬಿದರೂ ಸರಿಯೇ, ಮೇಲಿನ ಹಿಟ್ಟಿನ ಹೊದಿಕೆ ಮಾತ್ರ ಕೂದಲೆಳೆಯಷ್ಟೂ ಬದಲಾಗಕೂಡದು. ತಣ್ಣನೆಯ ತುಪ್ಪವನ್ನು ಮೈದಾಹಿಟ್ಟಿನ ಪದರಗಳ ನಡುವೆ ಕರಗಗೊಡದೆ ಕೂರಿಸುವುದಷ್ಟೇ ಅದರ ರಹಸ್ಯ. ಲಟ್ಟಣಿಗೆ ನಿಷಿದ್ಧ, ಕೈಯೇ ಎಲ್ಲ. ಒಂದು ಕಾಲಕ್ಕೆ ಒಬ್ಬಳಲ್ಲಿ ಮಾತ್ರ ಉಳಿಯುವ ಕೈ ಅದು.

ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ ಆ ಕೈ ಇದ್ದದ್ದು ಮಸ್ಕತ್ತಿನ ರೂವಿಯಲ್ಲಿ, ಹಣ ರವಾನೆಯ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಆ ಮನೆಯ ಮಗ ಎಡ್ಮಂಡನ ಹೆಂಡತಿ ಉರ್ಸುಲಾಳ ಬಳಿ.

ಆ ವರ್ಷದ ಕ್ರಿಸ್ಮಸ್ಸಿನ ಹಿಂದಿನ ದಿನ ಮಧ್ಯಾಹ್ನ ಉರ್ಸುಲಾ ಹಿಟ್ಟಿನ ಮುಂದೆ ನಿಂತಿದ್ದಳು. ಎರಡನೆಯ ಮಡಿಕೆ ಹಾಕುವಾಗ ಬಲಗೈಯ ನಡುಬೆರಳು ಬಾಗಲಿಲ್ಲ. ಚಳಿಯಿಂದಿರಬೇಕೆಂದು ಅವಳು ಕೈಗಳನ್ನು ಉಜ್ಜಿಕೊಂಡಳು. ಆದರೆ ಡಿಸೆಂಬರಿನಲ್ಲಿಯೂ ರೂವಿಯಲ್ಲಿ ಬೆರಳು ಸೆಟೆಯುವಷ್ಟು ಚಳಿ ಎಲ್ಲಿಯದು? ಇದು ಮೊದಲ ಸಲವಲ್ಲವೆಂಬುದೂ ಅವಳಿಗೆ ಗೊತ್ತಿತ್ತು. ಹಿಂದಿನ ಈಸ್ಟರಿಗೆ ಕಿರುಬೆರಳು ಹೀಗೆಯೇ ಮುನಿಸಿಕೊಂಡಿತ್ತು.

"ಮಮ್ಮಿ, ಹೆಲ್ಪ್ ಮಾಡ್ಲಾ?"

ಬಾಗಿಲಲ್ಲಿ ಕ್ಯಾರೋಲಿನ್ ನಿಂತಿದ್ದಳು. ಹದಿನೈದರ ಹುಡುಗಿ, ಕೈಯಲ್ಲಿ ಜೀವಶಾಸ್ತ್ರದ ಪುಸ್ತಕ, ನಡುವೆ ಪುಟದ ಗುರುತಿಗೆ ಇಟ್ಟ ಬೆರಳು. ಉರ್ಸುಲಾ ಹಿಟ್ಟಿನಿಂದ ತಟ್ಟನೆ ತಲೆಯೆತ್ತಿದಳು. ಇದು ಕೇಳುವಿಕೆಯಲ್ಲ. ಸಹಾಯವೆಂದರೆ ಸಹಾಯ, ಬಟಾಟೆ ಸುಲಿಯುವವಳಿಗೆ ಯಾರೂ ಕೈ ದಾಟಿಸುವುದಿಲ್ಲ.

"ಬಟಾಟೆ ಸುಲಿದು ಕೊಡು, ಪುತಾ."

ಹುಡುಗಿ ಬಟಾಟೆ ಸುಲಿದಳು. ಸುಲಿಯುತ್ತ ಸುಲಿಯುತ್ತ ತಾಯಿಯ ಕೈಯನ್ನೇ ನೋಡಿದಳು. ಆ ನೋಟ ಉರ್ಸುಲಾಳಿಗೆ ಸುಟ್ಟಂತಾಯಿತು. ಹೀಗೆ ನೋಡಗೊಟ್ಟರೆ ತಾನೇ ತೋರಿಸಿದಂತಾಗುವುದಿಲ್ಲವೇ, ತೋರಿಸುವುದೂ ಒಂದು ಬಗೆಯಲ್ಲಿ ಕರೆದು ಕೊಟ್ಟಂತೆಯೇ ಅಲ್ಲವೇ ಎಂಬ ಶಂಕೆ.

"ಆಯ್ತಲ್ಲ, ಇನ್ನು ಹೋಗಿ ಓದು. ಇಲ್ಲಿ ನಿಂತು ಎಂತ ಮಾಡ್ತಿ?"

"ಓಕೆ," ಎಂದು ಕ್ಯಾರೋಲಿನ್ ಹೋದಳು. ಅವಳು ಐದಾರು ವರ್ಷದವಳಿರುವಾಗ, ಆಗಷ್ಟೇ ಒಮಾನಿಗೆ ಬಂದಿದ್ದ ದಿನಗಳಿಂದಲೂ, ಪ್ರತಿ ಕ್ರಿಸ್ಮಸ್ಸಿಗೂ ಇದೇ ನಡೆದಿತ್ತು. ಹುಡುಗಿ ಬಾಗಿಲಿಗೆ ಬರುವಳು, ತಾಯಿ ಕಳುಹಿಸುವಳು, ಕಳುಹಿಸಿದ ಮೇಲೆ, ಇವಳು ಯಾವಾಗ ಕೇಳುವಳೋ ಎಂದು ದೇವಮಾತೆಗೆ ಮೊರೆಯಿಡುವಳು.

ಬೇಸಿಗೆಗೆ ಮುನ್ನ ಡಾಕ್ಟರು ಕೈಗಳನ್ನು ತಿರುವಿ ನೋಡಿ ಸಂಧಿವಾತವೆಂದರು. ನೋವಿಗೆ ಮಾತ್ರೆ ಬರೆದುಕೊಟ್ಟು, "ಹಿಂದಿನ ಹಾಗೆ ಆಗುವುದು ಕಷ್ಟ, ಇದ್ದದ್ದನ್ನು ಕಾಪಾಡಿಕೊಳ್ಳಿ" ಎಂದರು. ಅಂದು ಸಂಜೆ ಎದುರುಮನೆಯ ಝುಬೈದಾ ಚಹಾಕ್ಕೆ ಬಂದಳು. ಉಳ್ಳಾಲದ ಬ್ಯಾರಿ ಹೆಂಗಸು. ಗಂಡ ಕುಂಞಮ್ಮದ್ ಕೆಳಗಿನ ಬೀದಿಯಲ್ಲಿ ಹೊಲಿಗೆಯಂಗಡಿ ಇಟ್ಟಿದ್ದ. ಕೋಳಿಯ ಪೈ ಆದಂದಿನಿಂದ ಮೊದಲ ಪಾಲು ಹೋಗುತ್ತಿದ್ದದ್ದು ಆ ಮನೆಗೇ. ಉರ್ಸುಲಾ ಅವಳೊಡನೆ ಎಲ್ಲವನ್ನೂ ಹೇಳಿಕೊಂಡಳು: ಬೆರಳು, ಕಟ್ಟಳೆ, ಕೇಳದಿರುವ ಮಗಳು.

ಝುಬೈದಾ ಲೋಟ ಕೆಳಗಿಟ್ಟಳು. "ಅಲ್ಲ ಉರ್ಸುಲಾ ಬಾಯಿ, ಮಗಳು ಕೇಳ್ಲಿಲ್ಲಾಂತ ನೀವು ಕೊರಗುವುದು. ಕೇಳ್ಬೇಕೂಂತ ಅವಳಿಗೆ ಗೊತ್ತೇ ಇಲ್ಲ! ಇದು ಎಂತ ಕಥೆ ಮಾರಾಯ್ರೆ?"

"ಮನಸ್ಸಿದ್ರೆ ತನ್ನಿಂತಾನೇ ಬರ್ತದೆ. ನನಗೆ ಯಾರು ಹೇಳಿದ್ದು? ನಾನೇ ಹೋಗಿ ಮಾಂಯ್ ಹತ್ರ ಕೇಳಿದ್ದು." ಮಾಂಯ್ ಎಂದರೆ ಅವಳ ಅತ್ತೆ, ತೀರಿಹೋದ ಮೊತಿಲ್ದಾ ಬಾಯಿ.

"ಹಾಗಾದ್ರೆ ನಾನೊಂದು ಮಾತು ಅವಳ ಕಿವಿಗೆ ಹಾಕ್ತೇನೆ. ಖಲಾಸ್."

"ಬೇಡ! ನೀನು ಹೇಳಿದ್ರೆ ನಾನೇ ಹೇಳಿಸಿದ ಹಾಗೆ. ಹಾಗೆ ಬಂದದ್ದು ಉಳಿಯುದಿಲ್ಲ ಝುಬೈದಾ."

"ನನ್ನ ಅತ್ತೆ ನಾನು ಕೇಳದೇ ಕಲಿಸಿದ್ದು. ಬೈದು ಕಲಿಸಿದ್ದು, ಸೌಟಲ್ಲಿ ಕುಟ್ಟಿ ಕಲಿಸಿದ್ದು. ಆದ್ರೂ ಇವತ್ತಿಗೂ ಬಿರಿಯಾನಿ ಬಡಿಸಿದ್ರೆ ಇವರು ಎರಡು ತುತ್ತು ತಿಂದು, 'ಉಮ್ಮ ಮಾಡಿದ ಹಾಗೆ ಆಗ್ಲಿಲ್ಲ' ಅಂತಾರೆ. ಕಲಿಸಿದವರ ಗತಿಯೇ ಇಷ್ಟು, ಕಲಿಸದವರದ್ದು ಅಲ್ಲಾಹನಿಗೇ ಗೊತ್ತು!"

ಉರ್ಸುಲಾ ನಗಲಿಲ್ಲ. ಝುಬೈದಾಳ ಕೈ ಹಿಡಿದು, ಕ್ಯಾರೋಲಿನಳ ಮುಂದೆ ಈ ಮಾತು ಎತ್ತಕೂಡದೆಂದು ಆಣೆ ಹಾಕಿಸಿಕೊಂಡಳು. ಝುಬೈದಾ ತಲೆಗೆ ಹೊದ್ದಿದ್ದ ತಟ್ಟದ ಬಟ್ಟೆಯನ್ನು ಸರಿಪಡಿಸಿಕೊಳ್ಳುತ್ತ, "ನಿಮ್ಮ ಆಣೆ ನಿಮಗೇ ದೊಡ್ಡದು," ಎಂದು ಎದ್ದುಹೋದಳು. ಹೇಳಿದಂತೆ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ! ಆ ವರ್ಷ ಉರ್ಸುಲಾಳ ಬೆರಳುಗಳಲ್ಲಿ ಇನ್ನೂ ಮುಕ್ಕಾಲು ಪಾಲು ಜೀವವಿತ್ತು.

ಎಡ್ಮಂಡ್ ಕೂಡ ಒಮ್ಮೆ ಹೇಳಿ ನೋಡಿದ. ಸಾಮಾನು ಸಾಗಣೆಯ ಕಂಪೆನಿಯಲ್ಲಿ ಲೆಕ್ಕ ಬರೆಯುವ ಆ ಮಿತಭಾಷಿಗೆ ಮನೆತನದ ಪೈ ತಿನ್ನಲು ಗೊತ್ತಿತ್ತು, ಅದರ ಕಟ್ಟುಪಾಡುಗಳು ಹೆಂಗಸರ ಲೋಕದವು. "ಹೇಳಿಬಿಡು ಮಾರಾಯ್ತಿ. ಆಫೀಸಲ್ಲಿ ನಾನು ಹೊಸಬರಿಗೆ ಕೇಳುವ ಮೊದ್ಲೇ ಹೇಳಿಕೊಡುದಿಲ್ವಾ?" ಎಂದ. "ನಿಮ್ಮ ಆಫೀಸಿನ ವಿದ್ಯೆ ಧಣಿ ಕಫೀಲ್ ಊರಿಗೆ ಕಳಿಸಿದ ದಿನ ಮುಗೀತದೆ. ಇದು ಹಾಗಲ್ಲ," ಎಂದಳು ಉರ್ಸುಲಾ. ಅವನು ಪತ್ರಿಕೆಯ ಹಿಂದೆ ಮರೆಯಾದ.

ಮುಂದಿನ ಕ್ರಿಸ್ಮಸ್ಸಿಗೆ ಪೈ ಆಯಿತು; ಅರ್ಧ ದಿನ ಹಿಡಿಯುವ ಕೆಲಸಕ್ಕೆ ದಿನವಿಡೀ ಹಿಡಿಯಿತು. ಹೊದಿಕೆಯ ಒಂದು ಮಗ್ಗುಲು ದಪ್ಪವಾಗಿ ಕುಳಿತಿತ್ತು. ಕ್ಯಾರೋಲಿನ್ ಆ ವರ್ಷ ಬಾಗಿಲಿಗೂ ಬರಲಿಲ್ಲ. ಕೋಣೆಯಲ್ಲಿ ಕುಳಿತು ಓದುತ್ತಿದ್ದಳು, ಓದಲು ಹೇಳಿಸಿಕೊಳ್ಳದೆಯೇ.

ತೊಂಬತ್ತನಾಲ್ಕರ ಜುಲೈಯಲ್ಲಿ ಉರ್ಸುಲಾ ಊರಿಗೆ ಹೊರಟಳು. ಮಂಗಳೂರಿನಲ್ಲಿ ವೈದ್ಯರೊಬ್ಬರು ಎಣ್ಣೆ ಕಟ್ಟಿ ಕೈಗಳನ್ನು ಸಡಿಲಿಸುತ್ತಾರೆಂದು ಯಾರೋ ಹೇಳಿದ್ದರು. ಹನ್ನೆರಡನೆಯ ತರಗತಿಯ ಟ್ಯೂಷನ್ನಿರುವ ಮಗಳನ್ನು ತಂದೆಯ ಬಳಿ ಬಿಟ್ಟು ಒಬ್ಬಳೇ ಬಂದಳು. ಜೆಪ್ಪುವಿನ ಮನೆಯಲ್ಲಿ ಎಡ್ಮಂಡನ ಅಣ್ಣನ ಸಂಸಾರವಿತ್ತು. ಮೊತಿಲ್ದಾ ಬಾಯಿಯ ತಂಗಿ, ಮದುವೆಯಾಗದೆ ಆ ಮನೆಯಲ್ಲಿಯೇ ಮುಪ್ಪಾದ ಸ್ಕೊಲಾಸ್ತಿಕಾ ಮಾವ್ಶಿ ಇನ್ನೂ ಗಟ್ಟಿಯಾಗಿದ್ದಳು. ಹಲ್ಲಿಲ್ಲದಿದ್ದರೂ ನಾಲಗೆಗೆ ಯಾವ ಕೊರತೆಯೂ ಇರಲಿಲ್ಲ.

ಎಣ್ಣೆಯ ಪಟ್ಟಿ ಕಟ್ಟಿಕೊಂಡ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ಉರ್ಸುಲಾ ಕುಳಿತಿರುವಾಗ ಮಾವ್ಶಿ ಕೇಳಿದಳು: "ಹುಡುಗಿ ಕಲಿತಳಾ?"

"ಕೇಳ್ಲಿಲ್ಲ ಮಾವ್ಶಿ. ಈಗಿನ ಮಕ್ಕಳಿಗೆ ಮನಸ್ಸಿಲ್ಲ. ನಾನು ಕೇಳಿದ ಹಾಗೆ ಅವಳು ಕೇಳುದಿಲ್ಲ."

"ನೀನು ಕೇಳಿದ್ದಾ? ನೀನೇ?" ಮುದುಕಿಯ ಹೊಟ್ಟೆ ನಗುವಿನಿಂದ ಕುಲುಕಿತು. "ಅಯ್ಯೋ ಪೆದ್ದು! ಮದುವೆಯಾಗಿ ಬಂದು ಎರಡು ಕ್ರಿಸ್ಮಸ್ ದಾಟಿತು, ನಿನ್ನ ಬಾಯಿಂದ ಒಂದು ಶಬ್ದ ಹೊರಡ್ಲಿಲ್ಲ. ನಿನ್ನ ಮಾಂಯ್ ನನ್ನ ತಲೆ ತಿಂದು ಹಾಕಿದಳು. 'ಸ್ಕೊಲಾಸ್ತಿಕಾ, ಈ ಬೊಂಬೆ ಕೇಳುದಿಲ್ಲ, ನೀನು ಹೇಗಾದರೂ ಕೇಳಿಸು' ಅಂತ. ಬಾವಿಕಟ್ಟೆ ಹತ್ರ ಬೂತಾಯಿ ಕೊಯ್ಯುವಾಗ ನಾನು ನಿನಗೆ ಇಗ್ನಾಸಿಯಾನ ಕಥೆ ಹೇಳಿದ್ದು ಯಾಕೆ, ಹೊತ್ತು ಹೋಗ್ಲಿಕ್ಕಾ?"

ಉರ್ಸುಲಾಳಿಗೆ ನೆನಪಾಯಿತು. ಬೂದಿ ಹಚ್ಚಿದ ಕೈಗಳಲ್ಲಿ ಮೀನಿನ ತಲೆ ತರಿಯುತ್ತ ಮಾವ್ಶಿ ರಾಗ ಎಳೆದು ಹೇಳಿದ್ದ ಕಥೆ; ದೊರೆಸಾನಿಯ ನಗು; ಹಿಟ್ಟಿನ ಮೇಲೆ ಊರಿದ ಕೈ; ಕೇಳಬೇಕಾದ ಆ ಮಾತು ಅಕ್ಷರ ಅಕ್ಷರವೂ. ಅದನ್ನು ಅವಳು ಹರಟೆಯೆಂದು ತಿಳಿದಿದ್ದಳು. ಆಮೇಲೆ ಕೆಲವು ದಿನ ಬಿಟ್ಟು ತನ್ನೊಳಗೆ ಹುಟ್ಟಿದ ಆಸೆಯನ್ನು ತನ್ನದೇ ಆಸೆಯೆಂದು ತಿಳಿದಿದ್ದಳು.

"ಮಾಂಯ್ ಕಳಿಸಿದ್ದಾ ನಿಮ್ಮನ್ನು?"

"ಮತ್ತೆ ಪೋಪ್ ಕಳಿಸಿದ್ದಾ? ಅವಳಿಗೂ ಅವಳ ಅತ್ತೆ ಯಾರನ್ನೋ ಕಳಿಸಿದ್ದೇ. ಕೇಳದೆ ಕೊಡಬಾರದು ಅಂತ ಕಟ್ಟಳೆ ಮಾಡಿದವರಿಗೆ ಕೇಳಿಸುವುದು ಹೇಗೆ ಅಂತ ಗೊತ್ತಿರ್ಲಿಲ್ವಾ? ಮನೆ ತುಂಬ ಇಷ್ಟು ಹೆಂಗಸರು ಯಾಕೆ ಇದ್ದದ್ದು, ಹೇಳು!"

ಅಂದರೆ, ಮೊತಿಲ್ದಾ ಬಾಯಿ ಮುಂಬಾಗಿಲನ್ನು ಭದ್ರವಾಗಿ ಮುಚ್ಚಿ, ಹಿಂಬಾಗಿಲಿನಿಂದ ತಂಗಿಯನ್ನು ಅಟ್ಟಿದ್ದಳು. ಹಿಂಬಾಗಿಲಿದ್ದದ್ದರಿಂದಲೇ ಆ ಕಟ್ಟಳೆ ಅಷ್ಟು ಕಾಲ ಬದುಕಿತ್ತು. ತಾನೋ, ಅದೊಂದಿತ್ತೆಂದು ತಿಳಿಯದೆ, ಮುಂಬಾಗಿಲಿಗೆ ಅಗಳಿ ಹಾಕಿ, ತನ್ನ ನೇಮವನ್ನು ತಾನೇ ಮೆಚ್ಚಿಕೊಳ್ಳುತ್ತ ರೂವಿಯಲ್ಲಿ ಕಾದಿದ್ದಳು. ಕಟ್ಟಳೆಯನ್ನು ಮಾಡಿದವರಿಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸಿದ ಪಾಪಕ್ಕೆ ಯಾವ ಪಾದ್ರಿಯ ಮುಂದೆ ಮೊಣಕಾಲೂರಿ ನಿವೇದನೆ ಮಾಡಿಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಮಗಳ ಕಿವಿಗೊಂದು ಮಾತು ಹಾಕುತ್ತೇನೆ ಎಂದಿದ್ದ ಝುಬೈದಾಳ ಮುಖ ಕಣ್ಣ ಮುಂದೆ ಬಂತು.

ಎಣ್ಣೆಯಿಂದ ಕೈಗಳ ಬಣ್ಣ ಬದಲಾಯಿತು, ಬೇರೇನೂ ಬದಲಾಗಲಿಲ್ಲ.

ರೂವಿಗೆ ಮರಳಿದ ಮರುದಿನವೇ ಅವಳು ಎದುರುಮನೆಯ ಬಾಗಿಲು ತಟ್ಟಿದಳು. ಸಂಗತಿಯನ್ನೆಲ್ಲ ಕೇಳಿಕೊಂಡ ಝುಬೈದಾ, "ಆಗ ನನ್ನ ಬಾಯಿಗೆ ಬೀಗ ಹಾಕಿ, ಈಗ ಬೀಗದಕೈ ತಂದು ಕೊಡ್ತೀರಾ ಬಾಯಿ?" ಎಂದಳು. ಬಳಿಕ ಉರ್ಸುಲಾಳ ಬೆರಳುಗಳ ಗಂಟುಗಳನ್ನು ನೋಡಿ ಅವಳ ಹಾಸ್ಯ ಅಡಗಿತು. "ಹೇಳ್ತೇನೆ. ಇವತ್ತೇ ಹೇಳ್ತೇನೆ," ಎಂದಳು.

ಹೇಳಿದಳು. ಮಾವ್ಶಿಯ ಕುಶಲತೆ ಅವಳಿಗೆಲ್ಲಿ ಬರಬೇಕು? ನೇರವಾಗಿಯೇ ಹೇಳಿರಬೇಕು. ಕ್ಯಾರೋಲಿನ್ ಮನೆಗೆ ಬಂದವಳು ಚೀಲವನ್ನೂ ಇಳಿಸದೆ ತಾಯಿಯ ಎದುರು ನಿಂತಳು.

"ಝುಬೈದಾ ಆಂಟಿ ಹೇಳಿದ್ದು ಟ್ರೂವಾ ಮಮ್ಮಿ? ನಾನು ಕೇಳ್ಬೇಕಿತ್ತಾ?"

"ಹೌದು ಪುತಾ."

"ಎಷ್ಟು ಸಲ ಕೇಳಿದೆ! ಹೆಲ್ಪ್ ಮಾಡ್ಲಾ, ಹೆಲ್ಪ್ ಮಾಡ್ಲಾ ಅಂತ. ಎವ್ರಿ ಇಯರ್!"

"ಹೆಲ್ಪ್ ಬೇರೆ, ಇದು ಬೇರೆ."

"ಹೌ ವುಡ್ ಐ ನೋ?" ಹುಡುಗಿ ಧ್ವನಿ ಏರಿಸಿದಳು. "ನಾನು ಬಂದಾಗೆಲ್ಲ ನೀನು ಓಡಿಸಿದ್ದು. ನಾನು ಏನು ತಿಳ್ಕೊಂಡೆ ಗೊತ್ತುಂಟಾ? ನನ್ನ ಕೈ ನಿಂಗೆ ಇಷ್ಟ ಇಲ್ಲ. ಅದು ನಿನ್ನ ಸ್ಪೆಷಲ್ ಥಿಂಗ್, ನಂಗೆ ಕೊಡ್ಲಿಕ್ಕೆ ಮನಸ್ಸಿಲ್ಲ. ಹಾಗೇ ತಿಳ್ಕೊಂಡೆ. ಆಮೇಲೆ ನಂಗೂ ಬೇಡ ಅಂತ ಬಿಟ್ಟೆ."

ತಾನು ಬಾಗಿಲಿನಿಂದ ಕಳುಹಿಸಿದಷ್ಟು ಸಲವೂ ಮಗಳು ಬೇಡುತ್ತಲೇ ಇದ್ದಳು. ಮಾತು ಮಾತ್ರ ಬೇರೆಯಿತ್ತು.

"ಈಗ ಬೇಕಾ?" ಎಂದು ಕೇಳಿದಳು. ಕೇಳಿದ ಮೇಲೆ ಅವಳಿಗೆ ಹೊಳೆಯಿತು, ಕಟ್ಟಳೆ ಅಲ್ಲಿಯೇ ಮುರಿದಿತ್ತು. ಬೇಕೇ ಎಂದು ಕೊಡುವವಳೇ ಕೇಳಿದ್ದಳು.

ಕ್ಯಾರೋಲಿನ್ ಹೆಗಲಿನ ಚೀಲವನ್ನು ಈಗ ಇಳಿಸಿದಳು. "ಕ್ರಿಸ್ಮಸ್‌ಗೆ ನೋಡುವಾ," ಎಂದಳು. ಬರುವ ಜೂನಿನಲ್ಲಿ ಅವಳು ಕಾಲೇಜಿಗೆ ಊರಿಗೆ ಹೊರಡುವವಳಿದ್ದಳು. ರೂವಿಯ ಅಡಿಗೆಮನೆಯಲ್ಲಿ ಅವರಿಬ್ಬರಿಗೆ ಉಳಿದಿದ್ದದ್ದು ಆ ಒಂದು ಕ್ರಿಸ್ಮಸ್.

ಅಂದು ಬೆಳಿಗ್ಗೆ ಎಡ್ಮಂಡ್ ಹಿಟ್ಟು ಜರಡಿ ಹಿಡಿದುಕೊಟ್ಟ, ಝುಬೈದಾ ಕೋಳಿ ತುಂಡು ಮಾಡಿಕೊಟ್ಟಳು. ಮಸಾಲೆ ಬೆಂದು ಆರಿತು. ಕ್ಯಾರೋಲಿನ್ ಉಗುರು ಕತ್ತರಿಸಿಕೊಂಡು, ಕೂದಲು ಬಿಗಿದು ಕಟ್ಟಿಕೊಂಡು ಬಂದಳು, ಪ್ರಯೋಗಶಾಲೆಗೆ ಹೋಗುವವಳಂತಿದ್ದಳು. ನಾದಿದ ಹಿಟ್ಟಿನ ಮೇಲೆ ಬಲಗೈ ಊರಿದಳು. ಆ ಮಾತನ್ನು ಅವಳು ಬಾಯಿಪಾಠ ಮಾಡಿಕೊಂಡಿದ್ದಳು. "ನಿಮ್ಮ ಕೈ ನನ್ನ ಕೈ ಮೇಲೆ ಇಡಿ," ಎಂದಳು. ಹುಟ್ಟಿದಂದಿನಿಂದ ತಾಯಿಯನ್ನು ನೀನು ಎಂದೇ ಕರೆದವಳ ಬಾಯಲ್ಲಿ ಆ ನಿಮ್ಮ ಎಂಬುದು ಇಗರ್ಜಿಯ ಪ್ರಾರ್ಥನೆಯ ಹಾಗೆ ಕೇಳಿಸಿತು.

ಉರ್ಸುಲಾ ಕೈ ಇಟ್ಟಳು.

ಅವಳ ಅಂಗೈಗೆ ಎಲ್ಲವೂ ತಿಳಿದಿತ್ತು. ಕೆಳಗೆ ಹಿಟ್ಟು ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲವಾಗಿದೆ, ಎಲ್ಲಿ ತುಪ್ಪ ಹೆಪ್ಪಿನಂತೆ ಕುಳಿತಿದೆ ಎಂಬುದು ಮಗಳ ಕೈಯ ಮೂಲಕವೂ ಗೊತ್ತಾಗುತ್ತಿತ್ತು. ಬೆರಳುಗಳಿಗೆ ಆಜ್ಞೆ ಹೋಯಿತು. ಅವು ಕದಲಲಿಲ್ಲ. ಭುಜದಿಂದ ಒತ್ತಿದಳು. ಭಾರ ಬಿದ್ದಿತೇ ಹೊರತು ಒತ್ತಡ ಮೂಡಲಿಲ್ಲ.

"ಈಗ ಏನು ಮಾಡ್ಬೇಕು ಮಮ್ಮಿ?"

"ಒತ್ತು."

"ಎಷ್ಟು?"

"ಸಾಕಾಗುವಷ್ಟು."

"ಸಾಕು ಅಂತ ಹೇಗೆ ಗೊತ್ತಾಗುದು?"

ಉರ್ಸುಲಾ ಯೋಚಿಸಿದಳು. ಅದು ಅವಳಿಗೆ ಗೊತ್ತಾಗುತ್ತಿತ್ತು. ಹೇಗೆ ಗೊತ್ತಾಗುತ್ತಿತ್ತೆಂಬುದನ್ನು ಬೆರಳುಗಳೊಡನೆ ಅವಳು ಎಂದೂ ವಿಚಾರಿಸಿರಲಿಲ್ಲ. ಮೊತಿಲ್ದಾ ಬಾಯಿ ಅಂದು ಒಂದಕ್ಷರವೂ ಆಡಿರಲಿಲ್ಲ. ಅವಳ ಹಿಂದಿನವಳೂ ಆಡಿದವಳಲ್ಲ. ಮೊದಲಿನವಳಿಗೆ ಆಡಲು ಭಾಷೆಯೇ ಇರಲಿಲ್ಲ. ಅಷ್ಟು ತಲೆಮಾರುಗಳಲ್ಲಿ ಆ ವಿದ್ಯೆಗೆ ಒಂದು ಮಾತೂ ಹುಟ್ಟಿರಲಿಲ್ಲ. ಕೈ ನಿಂತ ಮೇಲೆ ಕೊಡಲು ಬೇರೇನೂ ಉಳಿದಿರಲಿಲ್ಲ.

"ಸ್ವಲ್ಪ… ಹಿಟ್ಟು ತಾನೇ ಹೇಳ್ತದೆ," ಎಂದಳು.

ಕ್ಯಾರೋಲಿನ್ ಕಿವಿಗೊಟ್ಟವಳಂತೆ ತಲೆ ಬಾಗಿಸಿ ನಿಂತಳು. ಹಿಟ್ಟು ಅವಳಿಗೆ ಏನನ್ನೂ ಹೇಳಲಿಲ್ಲ. ಊದಿದ ಗಂಟುಗಳ ಬಿಸಿ ಮಗಳ ಕೈಯನ್ನು ದಾಟಿ ಹಿಟ್ಟಿಗೆ ಇಳಿಯುತ್ತಿತ್ತು. ತುಪ್ಪ ಕರಗಿ ಬೆರಳುಗಳ ಸಂದಿನಿಂದ ಹೊಳೆಯುತ್ತ ಹೊರಬಂತು. ಉರ್ಸುಲಾ ಅದನ್ನು ಕಂಡಳು. ಕಂಡರೂ ಕೈ ತೆಗೆಯಲಿಲ್ಲ. ಇನ್ನೊಂದು ಗಳಿಗೆ ಇಟ್ಟರೆ, ಯಾವುದೋ ಕೃಪೆಯಿಂದ, ಒಂದೇ ಒಂದು ಮಡಿಕೆಯಾದರೂ—

"ಮಮ್ಮಿ," ಎಂದಳು ಕ್ಯಾರೋಲಿನ್ ಮೆಲ್ಲನೆ, "ಭಾರ ಆಗ್ತದೆ. ಕೈ ತೆಗಿ."

ಉರ್ಸುಲಾ ತೆಗೆದಳು.

ಹುಡುಗಿ ತನಗೆ ತೋಚಿದಂತೆ ಹಿಟ್ಟನ್ನು ಗಾಜಿನ ಸೀಸೆಯಿಂದ ಚಪ್ಪಟೆ ಮಾಡಿ, ತಟ್ಟೆಗೆ ಹೊದಿಸಿ, ಕೋಳಿ ತುಂಬಿ, ಅಂಚು ಒತ್ತಿ ಒಲೆಗೆ ಇಟ್ಟಳು. ಅವಳು ಅಳಲಿಲ್ಲ, ಸಿಡುಕಲೂ ಇಲ್ಲ. ಅದೇ ಉರ್ಸುಲಾಳಿಗೆ ಹೆಚ್ಚು ಸಂಕಟವಾಯಿತು. ಸಂಜೆ ಮೇಜಿನ ಮೇಲೆ ಬಂದದ್ದು ಹೆಂಚಿನ ಬಣ್ಣದ್ದು, ಹೆಂಚಿನಷ್ಟೇ ಗಟ್ಟಿಯಾದದ್ದು. ಎಡ್ಮಂಡ್ ಚೂರಿಯನ್ನು ಎರಡು ಕೈಯಿಂದ ಅದುಮಿ ಕತ್ತರಿಸಿ, ಒಂದು ತುಂಡನ್ನು ಬಾಯಿಗಿಟ್ಟುಕೊಂಡು, "ಚಂದ ಆಗಿದೆ," ಎಂದ.

"ಡ್ಯಾಡಿ, ಪ್ಲೀಸ್."

"ಇಲ್ಲ, ಮಸಾಲೆ ಚಂದ ಆಗಿದೆ. ಮೇಲಿನದು ಬರುವ ವರ್ಷ ಸರಿ ಆಗ್ತದೆ."

ಕ್ಯಾರೋಲಿನ್ ಚಮಚದಿಂದ ಒಳಗಿನ ಕೋಳಿಯನ್ನಷ್ಟೇ ಬಗೆದು ತಿನ್ನುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿ, "ಝುಬೈದಾ ಆಂಟಿಗೆ ಕೊಟ್ಟು ಬರ್ಲಾ?" ಎಂದು ಕೇಳಿದಳು.

"ಬೇಡ," ಎಂದಳು ಉರ್ಸುಲಾ.

ಅವಳು ತನ್ನ ಪಾಲಿನ ಹೊದಿಕೆಯ ತುಂಡನ್ನು ಎರಡು ಅಂಗೈಗಳ ನಡುವೆ ಹಿಡಿದು ಬಾಯಿಗೊಯ್ದಳು. ಹಲ್ಲಿಗೆ ಸಿಗದ ಅದನ್ನು ನೀರಿನಲ್ಲಿ ನೆನೆಸಿ ನೆನೆಸಿ, ಕೊನೆಯ ಚೂರಿನವರೆಗೂ ತಿಂದಳು.